ಕುತ್ತಿಗೆ ನೋಡುವ ದತ್ತೋಬಾ

ಮನುಷ್ಯನ ಅಂಗಾಂಗಗಳಲ್ಲಿ ಕುತ್ತಿಗೆಯಷ್ಟು ಘನತೆಯುಳ್ಳದ್ದು ಇನ್ನೊಂದಿಲ್ಲ. ಸನ್ಮಾನದ ಹಾರ ಬೀಳುವುದು ಅದರ ಮೇಲೆ, ಮಂಗಳಸೂತ್ರ ಕೂಡುವುದು ಅದರ ಸುತ್ತ, ಹಿಂದಿನ ಅರಸರಿಗೆ ಸಿಟ್ಟು ಬಂದರೆ ಮೊದಲು ಲಕ್ಷ್ಯ ಹೋಗುತ್ತಿದ್ದುದೂ ಅದರ ಕಡೆಗೇ. ನನ್ನ ಕುತ್ತಿಗೆಗೆ ಮಾತ್ರ ಐವತ್ತೆಂಟು ವರ್ಷಗಳಲ್ಲಿ ಬೆವರು, ಧೂಳು ಮತ್ತು ದತ್ತೋಬಾನ ಕತ್ತಿ ಬಿಟ್ಟರೆ ಬೇರೆ ಯಾವ ಗೌರವವೂ ಸಂದಿರಲಿಲ್ಲ.

ರಾಯಬಾಗದ ಸಬ್ ರಿಜಿಸ್ಟ್ರಾರ್ ಕಚೇರಿಯ ಹೊರಗೆ, ಬೇವಿನ ಗಿಡದ ಕೆಳಗೆ ಮೇಜು ಹಾಕಿಕೊಂಡು ಖರೀದಿ ಪತ್ರ, ಆಸ್ತಿ ಪಾಲಿನ ವಾಟ್ನಿ ಪತ್ರ ಬರೆಯುವ ಬಾಂಡ್ ರೈಟರ್ ನಾನು. ದತ್ತೋಬಾನ ಸಲೂನು ರಸ್ತೆಯ ಆಚೆ ಬದಿಗೆ, ನನ್ನ ಮೇಜಿಗೆ ನೇರ ಎದುರಿಗಿತ್ತು. ಒಂದೇ ಕುರ್ಚಿ, ಎರಡು ಕನ್ನಡಿ. ಗಿರಾಕಿಯ ಹಿಂದೆ ನಿಂತು ಬದುಕು ಕಳೆದವನಾದ್ದರಿಂದ ಅವನು ಊರಿನ ಗಂಡಸರನ್ನೆಲ್ಲ ಹಿಂದಿನಿಂದಲೇ ಗುರುತಿಸುತ್ತಿದ್ದ. ಎದುರಿಗೆ ಬಂದು ನಮಸ್ಕಾರ ಮಾಡಿದವನನ್ನು "ಯಾರ್ರಿ ತಾವು?" ಎಂದು ಕೇಳಿ, ಅವನು ಬೇಸರಪಟ್ಟು ತಿರುಗಿ ಹೊರಟ ಮೇಲೆ ಹೆಸರು ಹಿಡಿದು ಕೂಗಿದ್ದನ್ನು ನಾನೇ ನೋಡಿದ್ದೇನೆ. ಕಬ್ಬಿನ ಹೊರೆ ಹೊತ್ತ ಕುತ್ತಿಗೆ ಯಾವುದು, ಕಚೇರಿಯಲ್ಲಿ ಬಗ್ಗಿ ಬರೆದ ಕುತ್ತಿಗೆ ಯಾವುದು, ಮಗಳ ಮದುವೆ ಮುಗಿಸಿ ಹಗುರಾದ ಕುತ್ತಿಗೆ ಯಾವುದು ಎಂದು ಅವನು ಒಂದು ಶಾಸ್ತ್ರವನ್ನೇ ಕಟ್ಟಿಕೊಂಡಿದ್ದ. "ಮಾರಿ ತಯಾರಿ ಮಾಡ್ಕೊಂಡ ಬರ್ತೈತ್ರಿ ರೈಟರ್ರ. ಕುತ್ತಿಗಿ ಇದ್ದಂಗ ಬರ್ತೈತಿ" ಎನ್ನುತ್ತಿದ್ದ.

ಅವನ ಸ್ವಂತ ಕುತ್ತಿಗೆಯ ಎಡಬದಿಗೆ, ಕಿವಿಯ ಕೆಳಗೆ, ಅಂಗೈ ಅಗಲದ ಒಂದು ಕಲೆ ಇತ್ತು. ಚರ್ಮ ಸುಟ್ಟ ರೊಟ್ಟಿಯ ಹಾಗೆ ಮುದುಡಿಕೊಂಡಿತ್ತು. ಬೇರೆಯವರಾದರೆ ಅದನ್ನು ಟವೆಲ್ಲಿನಿಂದ ಮುಚ್ಚಿಕೊಳ್ಳುತ್ತಿದ್ದರು. ದತ್ತೋಬಾ ಅಂಗಿಯ ಕಾಲರನ್ನು ಒಳಗೆ ಮಡಚಿ ಅದನ್ನು ಕಾಣುವಂತೆ ಇಟ್ಟಿರುತ್ತಿದ್ದ. ಹುಡುಗನಾಗಿದ್ದಾಗ ಗಂಡಮಾಲೆ ಎದ್ದಿತ್ತಂತೆ. ಕೊರಳಲ್ಲಿ ಸಾಲಾಗಿ ಗಂಟು ಕಟ್ಟುವ ಈ ರೋಗಕ್ಕೆ ನಮ್ಮ ಕಡೆ ಇರುವ ಹೆಸರು ಅದು. ಮಾಲೆ ಎಂಬ ಮಂಗಳ ಶಬ್ದವನ್ನು ಇದಕ್ಕೆ ಅಂಟಿಸಿದ ಹಿರಿಯರ ಧೈರ್ಯ ದೊಡ್ಡದು. ಅವನ ಅಪ್ಪ ಯಾರದೋ ಕೈಯಿಂದ ಕಾದ ಕಬ್ಬಿಣದ ಬರೆ ಹಾಕಿಸಿದ. ಗಂಟು ಹೋಗಲಿಲ್ಲ, ಗಾಯ ವರ್ಷಗಟ್ಟಲೆ ಉಳಿಯಿತು. ಕೊನೆಗೆ ಮಿರಜಿನ ದವಾಖಾನೆಯಲ್ಲಿ ತಿಂಗಳುಗಟ್ಟಲೆ ಇಂಜೆಕ್ಷನ್ ಚುಚ್ಚಿಸಿಕೊಂಡು ಗುಣವಾದ. ಅಪ್ಪನ ಬಗ್ಗೆ ಅವನು ಒಂದು ದಿನವೂ ಕೆಟ್ಟ ಮಾತಾಡಿದ್ದು ನಾನು ಕೇಳಿಲ್ಲ.

ಆ ಅನುಭವದಿಂದ ಅವನ ಬೆರಳಿಗೆ ಒಂದು ಅಭ್ಯಾಸ ಬಂದಿತ್ತು. ದಾಡಿಗೆ ಸಾಬೂನು ಹಚ್ಚುವ ನಡುವೆ ಪ್ರತಿ ಗಿರಾಕಿಯ ಗದ್ದದಿಂದ ಹೆಗಲಿನವರೆಗೆ ಎರಡೂ ಕಡೆ ಬೆರಳಾಡಿಸುತ್ತಿದ್ದ. ಗಿರಾಕಿಗಳು ಅದನ್ನು ಮಾಲೀಸು ಎಂದು ತಿಳಿದು ಕಣ್ಣು ಮುಚ್ಚುತ್ತಿದ್ದರು. ನಾನೂ ಹಾಗೆಯೇ ಕಣ್ಣು ಮುಚ್ಚಿದ್ದೆ. ಒಂದು ಸೋಮವಾರ ಬೆರಳು ಬಲಗಡೆ ನಿಂತುಬಿಟ್ಟಿತು.

"ಇದು ಯಾವಾಗಿಂದ ಐತ್ರಿ?"

ಯಾವುದು ಎಂದೆ. ನನ್ನ ಕೈ ಹಿಡಿದು ಅಲ್ಲಿ ಇಟ್ಟ. ಸಣ್ಣ ಲಿಂಬೆಕಾಯಿಯಷ್ಟು ಒಂದು ಗಂಟು, ಅದರ ಕೆಳಗೆ ಇನ್ನೊಂದು. ವೃತ್ತಿಯ ಚಟ ಬಿಡುವುದಿಲ್ಲ, ಮನಸ್ಸಿನಲ್ಲಿಯೇ ಚಕ್ಕುಬಂದಿ ಬರೆದುಕೊಂಡೆ: ಸದರಿ ಗಂಟಿನ ಪೂರ್ವಕ್ಕೆ ಗಂಟಲು, ಪಶ್ಚಿಮಕ್ಕೆ ಹೆಡಕು, ಉತ್ತರಕ್ಕೆ ದವಡೆ, ದಕ್ಷಿಣಕ್ಕೆ ಸದರಿಯವರದೇ ಇನ್ನೊಂದು ಗಂಟು. ನೋವಿಲ್ಲ, ಇರಲಿ ಬಿಡು ಎಂದು ಹೇಳಿದೆ. ನೋವಿಲ್ಲದ್ದೇ ತನಗೆ ಸೇರುವುದಿಲ್ಲ, ಗಂಡಮಾಲೆಯೂ ಕ್ಷಯವೇ ಎಂದು ಮಿರಜಿನ ಡಾಕ್ಟರು ಹೇಳಿದ್ದರು ಎಂದ ಅವನು. ನಾನು ಕೆಮ್ಮುವುದಿಲ್ಲವಲ್ಲ, ಕ್ಷಯ ಹೇಗಾದೀತು ಎಂದು ವಾದ ಹೂಡಿದೆ. ಕ್ಷಯ ಎದೆಯಲ್ಲಿ ಇದ್ದರೆ ಕೆಮ್ಮಿಸುತ್ತದೆ, ಕುತ್ತಿಗೆಯಲ್ಲಿ ಇದ್ದರೆ ಸುಮ್ಮನೆ ಕೂತಿರುತ್ತದೆ ಎಂದು ಹೇಳಿ ಕತ್ತಿ ಮಡಚಿಟ್ಟ. ದವಾಖಾನೆಗೆ ಹೋಗಿ ಬಂದ ಮೇಲೆಯೇ ಮುಂದಿನ ಕೆಲಸ ಎಂದುಬಿಟ್ಟ. ನಾನು ಒಂದು ಕೆನ್ನೆಗೆ ನೊರೆ ಹಚ್ಚಿಕೊಂಡು, ಇನ್ನೊಂದು ಕೆನ್ನೆಯ ಮೇಲೆ ನಾಲ್ಕು ದಿನದ ದಾಡಿ ಹೊತ್ತು, ತಾಲೂಕಾ ದವಾಖಾನೆಯ ಸಾಲಿನಲ್ಲಿ ನಿಂತ ದಿನ ಅದು.

ಸೂಜಿ ಚುಚ್ಚಿ ಗಂಟಿನ ರಸ ತೆಗೆದು ಪರೀಕ್ಷೆಗೆ ಕಳಿಸಿದರು. ದತ್ತೋಬಾನ ಬೆರಳು ಹೇಳಿದ್ದನ್ನೇ ಯಂತ್ರವೂ ಹೇಳಿತು. ಆರು ತಿಂಗಳು ದಿನಾ ಮುಂಜಾನೆ ಗುಳಿಗೆ. ದಿನಾ ನುಂಗಿದ್ದನ್ನು ನೋಡುವವರು ಒಬ್ಬರು ಬೇಕು, ಮನೆಯಲ್ಲಿ ಯಾರಿದ್ದಾರೆ ಎಂದು ನರ್ಸ್ ಕೇಳಿದಳು. ಹೆಂಡತಿ ತೀರಿಕೊಂಡು ಎಂಟು ವರ್ಷವಾಗಿತ್ತು. ಹಜಾಮತಿ ಮಾಡುವವನ ಹೆಸರು ಬರೆಯಿರಿ ಎಂದೆ. ಆಕೆ ಪೆನ್ನು ಎತ್ತಿ ನನ್ನ ಮುಖ ನೋಡಿದಳು. ಆ ಹೊತ್ತಿಗೆ ಎರಡೂ ಕೆನ್ನೆ ಒಂದೇ ಸಮ ಇದ್ದವು, ಅದಕ್ಕೇ ಇರಬೇಕು, ನಂಬಿ ಬರೆದುಕೊಂಡಳು.

ದತ್ತೋಬಾ ಈ ನೇಮಕವನ್ನು ತಹಸೀಲ್ದಾರರ ಹುಕುಮಿನಷ್ಟು ಗಂಭೀರವಾಗಿ ತೆಗೆದುಕೊಂಡ. ಬೆಳಿಗ್ಗೆ ಎಂಟಕ್ಕೆ ನಾನು ಕುರ್ಚಿಯಲ್ಲಿ ಕೂಡಬೇಕು. ಬಲಗೆನ್ನೆ ಮುಗಿಸುತ್ತಿದ್ದ. ಆಮೇಲೆ ಗುಳಿಗೆ, ನೀರು, "ಬಾಯಿ ತಗೀರಿ, ನಾಲಿಗಿ ಎತ್ರಿ." ಒಳಗೆ ಏನೂ ಅಡಗಿಲ್ಲವೆಂದು ಖಾತ್ರಿಯಾದ ಮೇಲೆ ಎಡಗೆನ್ನೆ. ಮೂತ್ರ ಕೆಂಪಾಗುತ್ತದೆ, ಹೆದರಬೇಡಿ, ಅದು ಗುಳಿಗೆಯ ಬಣ್ಣ ಎಂದು ಮೊದಲ ದಿನವೇ ತುಂಬಿದ ಅಂಗಡಿಯಲ್ಲಿ ಘೋಷಿಸಿದ. ಮರುದಿನದಿಂದ ಕಚೇರಿಯ ಸಿಪಾಯಿ ಕೂಡ ನನ್ನನ್ನು ನೋಡಿ, "ಇವತ್ತ ಬಣ್ಣ ಹೆಂಗೈತ್ರಿ ರೈಟರ್ರ?" ಎಂದು ವಿಚಾರಿಸತೊಡಗಿದ.

ಮೂರನೆಯ ತಿಂಗಳಿಗೆ ಗಂಟು ಕರಗಿತು. ನನ್ನ ರೋಗಕ್ಕೆ ನಾನೇ ಮುಕ್ತಾಯ ಪತ್ರ ಬರೆದುಕೊಂಡು ಎರಡು ದಿನ ಸಲೂನಿನ ಕಡೆ ಸುಳಿಯಲಿಲ್ಲ. ಮೂರನೆಯ ದಿನ ದತ್ತೋಬಾ ರಸ್ತೆ ದಾಟಿ ಬಂದು, ಪಕ್ಷಗಾರರು ಕೂಡುವ ಸ್ಟೂಲಿನ ಮೇಲೆ ಕೂತ. ನನ್ನೆದುರು ಹೊಲ ಕೊಳ್ಳುವವರು, ಮಾರುವವರು, ನಾಲ್ಕು ಸಾಕ್ಷಿದಾರರು ಇದ್ದರು.

"ರೈಟರ್ರ, ಒಂದ ಮಾತ ಕೇಳ್ತೇನ್ರಿ. ಪತ್ರ ಎಲ್ಲಾ ಬರದು, ಸಹಿ ಇಲ್ದ ಬಿಟ್ರ ನಡಿತೈತೇನ್ರಿ?"

"ನಡಿಯಂಗಿಲ್ಲ" ಎಂದೆ.

"ಹೊಲಾ ಯಾರದಾಗ್ತೈತ್ರಿ?"

"ಮೊದಲಿದ್ದವರದ."

ಅವನು ಕಿಸೆಯಿಂದ ಗುಳಿಗೆ ತೆಗೆದು ಬಾಂಡ್ ಪೇಪರಿನ ಮೇಲೆ ಇಟ್ಟ. ಹೊಲ ಮಾರುವವನೇ ತನ್ನ ತಂಬಿಗೆಯಿಂದ ನೀರು ಕೊಟ್ಟ. ನುಂಗಿದೆ. ಕೋರ್ಸು ಮುಗಿಸಿದೆ. ನನಗೆ ಗೊತ್ತಿರುವ ಹಾಗೆ ನನ್ನ ಹಾಗೆಯೇ ಇನ್ನೂ ನಾಲ್ಕು ಜನ ಆ ಕುರ್ಚಿಯಿಂದ ದವಾಖಾನೆಗೆ ಹೋಗಿ ಗುಣವಾಗಿ ಬಂದರು. ಅವನಿಗೆ ಇದರ ಹೆಮ್ಮೆ ಇತ್ತು, ಬಚ್ಚಿಡುತ್ತಲೂ ಇರಲಿಲ್ಲ. ರಾಯಬಾಗದ ಒಂದು ಕುತ್ತಿಗೆಯೂ ತನ್ನ ಕೈ ತಪ್ಪಿಸಿ ಹೋಗಲಾರದು ಎಂದು ಗಿರಾಕಿಗಳೆದುರು ಹೇಳುತ್ತಿದ್ದ.

ಅವನ ಈ ಲೆಕ್ಕದಲ್ಲಿ ಊರಿನ ಅರ್ಧ ಜನ ಇರಲಿಲ್ಲ ಎಂಬುದು ಅವನಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ.

ದತ್ತೋಬಾನ ಸೊಸೆ ಸುರೇಖಾ, ದಿಗ್ಗೇವಾಡಿಯ ಹುಡುಗಿ. ಮದುವೆಯಾಗಿ ಎರಡು ವರ್ಷವಾಗಿತ್ತು. ಮಗ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ, ರವಿವಾರ ಬರುತ್ತಿದ್ದ. ಹಳೆಯ ಪದ್ಧತಿಯ ಮನೆ; ಮಾವನ ಎದುರು ಸೊಸೆ ತಲೆಯ ಮೇಲಿಂದ ಸೆರಗು ಹೊದ್ದು, ಅದರ ಅಂಚನ್ನು ಕೊರಳ ಸುತ್ತ ಎಳೆದುಕೊಂಡೇ ಬರುವಳು. ದತ್ತೋಬಾ ಆಕೆಯ ಕಡೆ ನೇರ ನೋಡಿದವನಲ್ಲ. ಅದು ಅವನು ಆಕೆಗೆ ಕೊಡುತ್ತಿದ್ದ ಮರ್ಯಾದೆ.

ಪಂಚಮಿಗೆ ತವರಿಗೆ ಹೋದವಳು ತಿಂಗಳಾದರೂ ಬರಲಿಲ್ಲ. ಮೈಗೆ ಉಷ್ಣವಾಗಿದೆ, ಕುರುವಾಗಿದೆ ಎಂದು ದತ್ತೋಬಾನ ಹೆಂಡತಿ ಅಕ್ಕಾತಾಯಿ ಹೇಳುತ್ತ ಬಂದಳು. ಒಂದು ಮಧ್ಯಾಹ್ನ ಅವನು ನನ್ನ ಮೇಜಿನ ಹತ್ತಿರ ಬಂದು ನಿಂತ. ಕೂಡು ಎಂದರೂ ಕೂಡಲಿಲ್ಲ.

"ರೈಟರ್ರ, ನನ್ನ ಮನ್ಯಾಗ ಐತ್ರಿ."

ಏನು ಎಂದು ಕೇಳುವ ಅಗತ್ಯ ಬೀಳಲಿಲ್ಲ.

"ಏಳ ತಿಂಗಳಾತಂತ. ದಿನಾ ಎರಡ ಸಲಾ ನನಗ ಚಹಾ ತಂದ ಕೊಟ್ಟಾಳ್ರಿ ಆಕಿ."

ಅಕ್ಕಾತಾಯಿಗೆ ಮೊದಲೇ ಗೊತ್ತಿತ್ತು, ಅಂದು ಮುಂಜಾನೆ ಬಾಯಿಬಿಟ್ಟಿದ್ದಳು. ಸೊಸೆ ಕೈ ಹಿಡಿದು ಅತ್ತಿದ್ದಳಂತೆ: ಹೇಳಿದರೆ ರೋಗದ ಹೆಣ್ಣು ಎಂದು ತವರಿಗೆ ಅಟ್ಟುತ್ತಾರೆ ಎಂದು. ಅದೂ ಅಲ್ಲದೆ ಹೆಂಗಸಿನ ಕೊರಳಿನ ಮಾತನ್ನು ಮಾವನ ಮುಂದೆ ಹೇಗೆ ಆಡುವುದು ಎಂಬ ಸಂಕೋಚ. ಹೀಗೆ ಒಂದೇ ಸೂರಿನ ಕೆಳಗೆ, ಕುತ್ತಿಗೆಯ ಪಂಡಿತನಿಂದ ಆರು ಅಡಿ ದೂರದಲ್ಲಿ, ಆ ಗಂಟುಗಳು ಬೆಳೆದು ಒಂದು ಒಡೆದು ಸೋರತೊಡಗಿತ್ತು.

ಪರೀಕ್ಷೆಯಾಯಿತು, ಗುಳಿಗೆ ಬಂದವು. ಆದರೆ ಸುರೇಖಾಳ ಅಪ್ಪ ಸಿದರಾಯ ಆಕೆಯನ್ನು ರಾಯಬಾಗಕ್ಕೆ ಕಳಿಸಲು ಒಪ್ಪಲಿಲ್ಲ. ಕೃಷ್ಣೆಯ ದಂಡೆಗೆ ನಾಲ್ಕು ಎಮ್ಮೆ, ಸ್ವಲ್ಪ ಕಬ್ಬು ಇಟ್ಟುಕೊಂಡ, ಕಡಿಮೆ ಮಾತಿನ ಮನುಷ್ಯ. ದತ್ತೋಬಾ ಕಂಡ ಕಂಡವರ ಗಂಡಮಾಲೆ ಮುಟ್ಟಿ ಬಂದು ತನ್ನ ಮಗಳಿಗೆ ರೋಗ ತಂದು ಹಾಕಿದ ಎಂದು ಅವನು ನಾಲ್ಕು ಜನರ ಮುಂದೆ ಹೇಳಿದ. ಈ ರೋಗ ಕುತ್ತಿಗೆ ಮುಟ್ಟಿದರೆ ಅಂಟುವುದಿಲ್ಲ, ಕತ್ತಿಯಿಂದಲೂ ಬರುವುದಿಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದ್ದರು. ದತ್ತೋಬಾ ಅದನ್ನು ಸಿದರಾಯನಿಗೆ ತಿರುಗಿ ಹೇಳಲು ಹೋಗಲಿಲ್ಲ. ಗುಳಿಗೆ ನುಂಗಲಿ, ಎಲ್ಲಿದ್ದರೇನು ಎಂದಷ್ಟೇ ಅಂದ. ಎರಡು ದಿನಕ್ಕೊಮ್ಮೆ ಬಸ್ಸು ಹತ್ತಿ ದಿಗ್ಗೇವಾಡಿಗೆ ಹೋಗುತ್ತಿದ್ದ. ಅವನು ಪಡಸಾಲೆಯಲ್ಲಿ ಕೂಡುವನು, ಸುರೇಖಾ ಒಳಗೆ ಬಾಗಿಲ ಹಿಂದೆ ನುಂಗುವಳು. ಸ್ಟೀಲು ಲೋಟ ನೆಲಕ್ಕಿಟ್ಟ ಸದ್ದು ಕೇಳಿದ ಮೇಲೆ ಎದ್ದು ಬರುವನು. ನನ್ನ ನಾಲಿಗೆ ಎತ್ತಿಸಿ ನೋಡುತ್ತಿದ್ದ ಮನುಷ್ಯ ಸೊಸೆಯ ವಿಷಯದಲ್ಲಿ ಲೋಟದ ಸಾಕ್ಷಿ ನಂಬಿದ.

ಮೂರು ವಾರ ಕಳೆದರೂ ಆಕೆಯ ಸಂಜೆಯ ಜ್ವರ ಇಳಿಯಲಿಲ್ಲ. ಒಂದು ದಿನ ಅಲ್ಲಿಂದ ಹೊರಡುವಾಗ ತಿಪ್ಪೆಯ ಪಕ್ಕದಲ್ಲಿ ಒಂದು ಕೋಳಿ ಏನನ್ನೋ ಕುಕ್ಕುತ್ತಿತ್ತು. ದತ್ತೋಬಾ ಬಗ್ಗಿ ನೋಡಿದ. ನೆನೆದು ಅರ್ಧ ಕರಗಿದ ಕೆಂಪು ಗುಳಿಗೆ.

ಮರುದಿನ ಅವನು ನನ್ನನ್ನು ಕರೆದುಕೊಂಡು ಹೋದ. ಏಕೆ ಎಂದು ಬಸ್ಸಿನಲ್ಲಿ ಹೇಳಲಿಲ್ಲ. ಗುಳಿಗೆ ಬಿಟ್ಟ ಕಾರಣದ ಸುಳಿವನ್ನು ಹಿಂದಿನ ರಾತ್ರಿ ಅಕ್ಕಾತಾಯಿಯಿಂದ ಎಳೆದು ತೆಗೆದಿದ್ದ. ಮೂತ್ರದ ಬಣ್ಣ ಬದಲಾಗುವುದನ್ನು ಸೊಸೆಗೆ ತಿಳಿಸು ಎಂದು ಅವನು ಹೆಂಡತಿಗೆ ಹೇಳಿಕಳಿಸಿದ್ದ. ಆಕೆ ನಾಚಿ, ಏನಾದರೂ ಬಣ್ಣ ಬದಲಾದರೆ ಅಂಜಬೇಡ ಎಂದಷ್ಟೇ ಹೇಳಿ ಬಂದಿದ್ದಳು. ಸುರೇಖಾ ಅದು ಗಾಯದ ಮಾತು ಎಂದುಕೊಂಡಿದ್ದಳೆಂದು ಆಮೇಲೆ ತಿಳಿಯಿತು. ಮರುದಿನವೇ ಕೆಂಪಗೆ ಕಂಡಾಗ ಒಳಗೆ ರಕ್ತ ಹೋಗುತ್ತಿದೆ ಎಂದು ಗಾಬರಿಯಾಗಿ ಗುಳಿಗೆಗಳನ್ನು ತಿಪ್ಪೆಗೆ ಹಾಕಿದಳು. ಯಾರಿಗೆ ಹೇಳಬೇಕು? ಇಡೀ ರಾಯಬಾಗದ ಗಂಡಸರಿಗೆ ಗೊತ್ತಿದ್ದ ಸಂಗತಿ ಅವನ ಮನೆಯ ಸೊಸೆಗೆ ಗೊತ್ತಿರಲಿಲ್ಲ.

ಪಡಸಾಲೆಯಲ್ಲಿ ಕೂತಾಗ ಸಿದರಾಯ ಸೀದಾ ವಿಷಯಕ್ಕೆ ಬಂದ. ಗುಳಿಗೆ ಸಾಕು, ಬರುವ ಅಮಾವಾಸ್ಯೆಗೆ ಬರೆ ಹಾಕಿಸುವುದು, ಹೊಳೆಯಾಚೆಯ ಮನುಷ್ಯನಿಗೆ ಹೇಳಿಯೂ ಆಗಿದೆ ಎಂದ. ಅಮಾವಾಸ್ಯೆಗೆ ಐದು ದಿನವಿತ್ತು.

ದತ್ತೋಬಾ ಎದ್ದು ಹೋಗಿ ಅವನ ಮುಂದೆ ಕುಕ್ಕರಗಾಲಲ್ಲಿ ಕೂತು ಕುತ್ತಿಗೆ ಚಾಚಿದ. ಕಲೆಯ ಮೇಲೆ ಬೆರಳಿಟ್ಟು, ಒಂದು ಹುಣಸೆ ಬೀಜದಷ್ಟು ಜಾಗ ಗುರುತು ಮಾಡಿದ.

"ಬೀಗರ, ರೋಗದ ಕಲಿ ಇಷ್ಟರಿ. ಉಳದಿದ್ದೆಲ್ಲಾ ಬರಿ ಹಾಕಿದ್ದು."

ಸಿದರಾಯ ನೋಡಿದ. ನೋಡುತ್ತಲೇ ಇದ್ದ.

ಆಮೇಲೆ ದತ್ತೋಬಾ ಬಾಗಿಲ ಕಡೆ ತಿರುಗಿದ.

"ಸುರೇಖಾ, ಹೊರಗ ಬಾರವಾ. ಈಗ ನಾ ನಿನ್ನ ಮಾವ ಅಲ್ಲ. ಗಿರಾಕಿ ಕುತ್ತಿಗಿ ನೋಡೂ ದತ್ತೋಬಾ ಅದೇನಿ. ಸೆರಗು ತಗಿ."

ಬಹಳ ಹೊತ್ತು ಯಾರೂ ಬರಲಿಲ್ಲ. ನಂತರ ತಾಯಿಯ ತೋಳು ಹಿಡಿದುಕೊಂಡು ಸುರೇಖಾ ಬಂದಳು, ಗೋಡೆಯ ಕಡೆ ಮುಖ ಮಾಡಿ ನಿಂತಳು, ಸೆರಗು ಸರಿಸಿದಳು. ಎಡಗಡೆ ಮೂರು ಗಂಟು, ನಡುವಿನದು ಒಡೆದು ಅಂಚು ಕಪ್ಪಾಗಿತ್ತು. ಊರಿನ ಕುತ್ತಿಗೆಗಳನ್ನೆಲ್ಲ ಮುಟ್ಟಿದ ಮನುಷ್ಯ ತನ್ನ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಹತ್ತಿರ ಹೋಗಲಿಲ್ಲ. ನಿಂತಲ್ಲಿಂದಲೇ ಆಕೆಯ ತಾಯಿಗೆ ಹೇಳುತ್ತ ಹೋದ: ಅಲ್ಲಿ ಒತ್ತವಾ, ಇನ್ನೂ ಕೆಳಗ, ಹೆಗಲಿನ ಎಲುವಿನ ಹಿಂದ, ಗಟ್ಟಿ ಐತೋ ಮೆತ್ತಗ ಐತೋ? ತಾಯಿಯ ಬೆರಳು ಅವನ ಮಾತಿನ ಹಿಂದೆ ನಡೆಯಿತು. ಹೀಗೆ ಆ ಮನೆಯಲ್ಲಿ ಇನ್ನೊಬ್ಬರು ಕುತ್ತಿಗೆ ನೋಡಲು ಕಲಿತರು.

"ನೀ ಕೆಂಪ ನೋಡಿದ್ದು ರಕ್ತ ಅಲ್ಲವಾ" ಎಂದ ಆಮೇಲೆ. "ಗುಳಿಗಿ ಬಣ್ಣ. ಮೊದಲ ದಿನಾನ ನಾ ಹೇಳಬೇಕಿತ್ತು. ನಾಚಿಕಿ ಆತು. ನನ್ನ ತಪ್ಪೈತಿ."

ಮಾವ ಸೊಸೆಗೆ ತಪ್ಪೊಪ್ಪಿಕೊಂಡದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ನಂತರ ಅವನು ನನ್ನ ಕಡೆ ಕೈ ತೋರಿಸಿದ. ಆಗ ನನಗೆ ನನ್ನ ಪ್ರಯಾಣದ ಉದ್ದೇಶ ತಿಳಿಯಿತು. ಮೂವತ್ತು ವರ್ಷ ಊರವರ ಪತ್ರಗಳಿಗೆ ಸಾಕ್ಷಿ ಹಾಕಿಸಿದವನು, ಪರರ ಪಡಸಾಲೆಯಲ್ಲಿ, ಅಪರಿಚಿತ ಹೆಂಗಸರ ಸಮಕ್ಷಮ ಎದ್ದು ನಿಂತು, ಸದರಿ ಗುಳಿಗೆ ಸೇವಿಸಿದ ಕಾಲದಲ್ಲಿ ನನ್ನ ಮೂತ್ರವೂ ಕೆಂಪಾಗಿತ್ತೆಂದು, ಈಗ ಸರಿಯಾಗಿದೆಯೆಂದು, ಸ್ವಖುಷಿಯಿಂದ ಹೇಳಿಕೆ ಕೊಟ್ಟೆ. ಯಾರೂ ನಗಲಿಲ್ಲ. ಸುರೇಖಾ ಮಾತ್ರ ಗೋಡೆಯ ಕಡೆಯಿಂದ ತಿರುಗಿ ಒಮ್ಮೆ ನನ್ನ ಕುತ್ತಿಗೆ ನೋಡಿದಳು.

"ರಕ್ತ ಅಲ್ಲಂದ್ರ ನುಂಗತೇನ್ರಿ ಮಾವಾರ" ಎಂದಳು. ಅಂದಿನ ಗುಳಿಗೆಯನ್ನು ಎಲ್ಲರೆದುರೇ ನುಂಗಿ ಬಾಯಿ ತೆರೆದು ತೋರಿಸಿದಳು.

ಡಾಕ್ಟರು ಕೋರ್ಸನ್ನು ಮೊದಲಿನಿಂದ ಹಿಡಿಸಿದರು. ಅಮಾವಾಸ್ಯೆ ಬಂದು ಹೋಯಿತು, ಹೊಳೆಯಾಚೆಯ ಮನುಷ್ಯನನ್ನು ಸಿದರಾಯ ಕರೆಸಲಿಲ್ಲ. ಆದರೆ ಮಗಳನ್ನೂ ಕಳಿಸಲಿಲ್ಲ. ಗುಣವಾದ ಮೇಲೆ ನೋಡೋಣ ಎಂದ. ದತ್ತೋಬಾ ಈಗ ದಿನಾ ಮೊದಲ ಬಸ್ಸಿಗೆ ಹೋಗತೊಡಗಿದ. ಹೊಟ್ಟೆ ತೊಳಸಿ ಆಕೆ ವಾಂತಿ ಮಾಡಿಕೊಂಡ ದಿನ ಮಧ್ಯಾಹ್ನದವರೆಗೆ ಅಲ್ಲಿಯೇ ಕೂತಿದ್ದ. ಸಲೂನಿನ ಬಾಗಿಲು ಹನ್ನೊಂದಕ್ಕೆ ತೆರೆಯುತ್ತಿತ್ತು. ಮುಂಜಾನೆಯ ಗಿರಾಕಿಗಳು ಬಸ್ ಸ್ಟ್ಯಾಂಡಿನ ಹತ್ತಿರದ ಹೊಸ ಸಲೂನಿಗೆ ಹೋದರು. ಉಳಿದವರಲ್ಲಿ ಕೆಲವರನ್ನು ಅವನು ಸ್ವಂತ ಪ್ರಯತ್ನದಿಂದ ಕಳೆದುಕೊಂಡ. ಏಕೆಂದರೆ ಈಗ ಬೆರಳಾಡಿಸುವುದು ಮುಗಿದ ಮೇಲೆ ಹೊಸ ಪ್ರಶ್ನೆಯೊಂದು ಬರುತ್ತಿತ್ತು: "ಮನ್ಯಾಗ ಹೆಣ್ಣಮಕ್ಕಳ ಕುತ್ತಿಗಿ ನೋಡೀರೇನ್ರಿ?"

ಕಬ್ಬು ಕಡಿಯುವವರ ಟೋಳಿ ನಡೆಸುವ ಮುಕಾದಮನೊಬ್ಬ ಇದನ್ನು ಕೇಳಿ ಎದ್ದು ನಿಂತು ಕೈ ಎತ್ತಿದ. ನಾನು ರಸ್ತೆ ದಾಟಿ ಹೋಗಿ ನಡುವೆ ನಿಲ್ಲಬೇಕಾಯಿತು. ಮುಕಾದಮ ನೊರೆ ಒರೆಸಿಕೊಂಡು ಬೈಯುತ್ತ ಹೋದ. ಇನ್ನು ಇದನ್ನು ಬಿಡು ಎಂದು ನಾನು ಬುದ್ಧಿ ಹೇಳಿದೆ. ದತ್ತೋಬಾ ಕತ್ತಿಯನ್ನು ನೀರಲ್ಲಿ ಅದ್ದುತ್ತ, "ಹೊಡದ್ರೂ ಮನೀಗಿ ಹೋಗಿ ನೋಡ್ತಾನ್ರಿ ಅಂವ" ಎಂದ. ಎಂಟು ದಿನದ ಮೇಲೆ ಮುಕಾದಮ ತನ್ನ ತಂಗಿಯನ್ನು ದವಾಖಾನೆಯ ಸಾಲಿನಲ್ಲಿ ನಿಲ್ಲಿಸಿಕೊಂಡದ್ದನ್ನು ನಾನು ಕಂಡೆ. ಆಕೆಗೆ ಏನಾಗಿತ್ತೋ ನನಗೆ ಗೊತ್ತಿಲ್ಲ, ಅವನು ಸಲೂನಿಗೆ ತಿರುಗಿ ಬರಲೂ ಇಲ್ಲ.

ನಾನು ಅವನನ್ನು ಕೊನೆಯ ಸಲ ಕಂಡದ್ದು ಒಂದು ಗುರುವಾರ ಮಧ್ಯಾಹ್ನ. ದಾಡಿ ಮಾಡುವಾಗ ಎರಡು ಸಲ ನಿಂತು ಉಸಿರು ತೆಗೆದುಕೊಂಡ. ಬಸ್ಸಿನ ದಣಿವು ಎಂದ. ಸುರೇಖಾಳ ಗಾಯ ಒಣಗಿದೆ, ಮೈ ಹಿಡಿದಿದ್ದಾಳೆ, ಇನ್ನು ಐವತ್ತು ದಿನದ ಮಾತು ಎಂದು ಹೇಳಿದ. ನೀನೂ ಡಾಕ್ಟರಿಗೆ ತೋರಿಸು ಎಂದೆ. ಆ ಐವತ್ತು ದಿನ ಮುಗಿಯಲಿ ಎಂದ. ನಾನು ಒತ್ತಾಯ ಮಾಡಲಿಲ್ಲ. ಅವನು ನನ್ನ ಮೇಜಿಗೆ ಬಂದು ಕೂತ ಹಾಗೆ ನಾನು ಅವನ ಕುರ್ಚಿಯ ಹತ್ತಿರ ಹೋಗಿ ಕೂಡಬಹುದಿತ್ತು. ಕೂಡಲಿಲ್ಲ. ನನಗೆ ಅಂದು ಎರಡು ಪತ್ರ ಬರೆಯುವುದಿತ್ತು.

ಶುಕ್ರವಾರ ನಸುಕಿನಲ್ಲಿ, ಬಸ್ಸಿಗೆ ಹೊರಡಲು ಅಂಗಿ ಹಾಕಿಕೊಳ್ಳುತ್ತಿದ್ದಾಗ ಎದೆ ಹಿಡಿದು ಕೂತವನು ಏಳಲಿಲ್ಲ. ದಿಗ್ಗೇವಾಡಿಗೆ ಫೋನು ಹೋಗುವ ಹೊತ್ತಿಗೆ ಸುರೇಖಾ ಕಟ್ಟೆಯ ಮೇಲೆ ಲೋಟ ಇಟ್ಟುಕೊಂಡು ಕಾಯುತ್ತಿದ್ದಳಂತೆ. ಸುದ್ದಿ ಕೇಳಿ ಎದ್ದು ಓಡುತ್ತಿದ್ದವಳನ್ನು ಸಿದರಾಯ ತಡೆದ. ಮೊದಲು ಗುಳಿಗೆ ನುಂಗು, ಆಮೇಲೆ ಹೋಗೋಣ ಎಂದ. ಆಕೆ ಅಳುತ್ತಲೇ ನುಂಗಿದಳು. ಅವನು ಬಾಯಿ ತೆರೆಸಿ ನೋಡಿದ.

ಉಳಿದ ದಿನಗಳ ಗುಳಿಗೆಯನ್ನೆಲ್ಲ ಆಕೆ ಅಪ್ಪನ ಎದುರು ನುಂಗಿ ಮುಗಿಸಿದಳು. ಕೊನೆಯ ತಪಾಸಣೆಯಲ್ಲಿ ಗಂಟು ಇರಲಿಲ್ಲ. ಸುರೇಖಾ ಈಗ ರಾಯಬಾಗದಲ್ಲಿ ಗಂಡನ ಮನೆಯಲ್ಲಿದ್ದಾಳೆ. ಸಲೂನು ಮುಚ್ಚಿದೆ.